ಕ್ಯಾರಿಯರ್ ಮೇಲಿಂದ ಸೀಟಿಗೆ

ಬೆಂಗಳೂರನ್ನು ನಾನು ಬಹಳ ವರ್ಷ ಎಡಕ್ಕೆ ತಿರುಗಿಕೊಂಡೇ ನೋಡಿದ್ದೇನೆ. ಗಂಡನ ಸೈಕಲ್ಲಿನ ಕ್ಯಾರಿಯರ್ ಮೇಲೆ ಸೀರೆಯುಟ್ಟು ಕೂರುವವಳಿಗೆ ಬೇರೆ ದಾರಿಯಿಲ್ಲ. ಎರಡೂ ಕಾಲು ಎಡಕ್ಕೆ, ಮುಖವೂ ಎಡಕ್ಕೆ. ಜೀವನ್ ಬಿಮಾ ನಗರದ ನಮ್ಮ ಬಾಡಿಗೆ ಮನೆಯಿಂದ ಶಿವಾಜಿನಗರದವರೆಗೆ ಎಡಗಡೆ ಯಾವ ಅಂಗಡಿ, ಯಾವ ಕಾಂಪೌಂಡು, ಯಾವ ಗೇಟಿಗೆ ಯಾವ ಬಣ್ಣ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಬಲಗಡೆಯದ್ದು ನೋಡಬೇಕಾದರೆ ವಾಪಸ್ ಬರುವವರೆಗೆ ಕಾಯಬೇಕಿತ್ತು; ಆಗ ಅದೇ ಎಡಗಡೆ ಆಗುತ್ತಿತ್ತು. ಮುಂದೆ ಏನು ಬರುತ್ತಿದೆ ಅನ್ನುವುದು ಮಾತ್ರ ನನಗೆ ಯಾವತ್ತೂ ಗೊತ್ತಾಗಲಿಲ್ಲ. ಮುಂದೆ ಇದ್ದದ್ದು ನಮ್ಮವರ ಬೆನ್ನು.

ಅವರು ಶಿವಾಜಿನಗರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದರು. ನಾನು ಇಂದಿರಾನಗರದ ಪುಟ್ಟ ಮಕ್ಕಳ ಶಾಲೆಯೊಂದರಲ್ಲಿ ಆಯಾ. ಬೆಳಿಗ್ಗೆ ನನ್ನನ್ನು ಶಾಲೆಯ ಗೇಟಿನಲ್ಲಿ ಇಳಿಸಿ ಅವರು ಹಲಸೂರಿನ ಮೇಲೆ ಹಾದು ಹೋಗುತ್ತಿದ್ದರು, ಸಂಜೆ ಅದೇ ಗೇಟಿನಿಂದ ಹತ್ತಿಸಿಕೊಳ್ಳುತ್ತಿದ್ದರು. ಭಾನುವಾರ ಇಬ್ಬರೂ ಸೇರಿ ರಸೆಲ್ ಮಾರ್ಕೆಟ್ಟಿಗೆ. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಎದೆನೋವು ಅಂದರು. ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ವಾಪಸ್ ನಾನೊಬ್ಬಳೇ ಬಂದೆ. ಸೈಕಲ್ಲು ಮೆಟ್ಟಿಲ ಕೆಳಗೆ ಬೀಗ ಹಾಕಿಸಿಕೊಂಡು ನಿಂತೇ ಇತ್ತು.

ನಮ್ಮವರಿಗೆ ಮಾತು ಕಡಿಮೆ. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಕೈ ತೋರಿಸುವ ಮನುಷ್ಯ. ಆದರೆ ಸೈಕಲ್ ಮೇಲೆ ನಾವು ಮಾತಾಡುತ್ತಿದ್ದೆವು. ಅಂದರೆ ನಾನು ಮಾತಾಡುತ್ತಿದ್ದೆ, ಬೆನ್ನು 'ಹೂಂ' ಅನ್ನುತ್ತಿತ್ತು. ಶಾಲೆಯ ಮಕ್ಕಳ ಸುದ್ದಿ, ಓನರ್ ಮನೆಯವರ ಸುದ್ದಿ, ಟೊಮೆಟೊ ಸುದ್ದಿ, ಎಲ್ಲಕ್ಕೂ ಸರಿಯಾದ ಜಾಗದಲ್ಲಿ ಒಂದು 'ಹೂಂ'. ದೊಡ್ಡ ಮಾತೂ ಅಲ್ಲೇ ಆಗಿದ್ದು. ಮಕ್ಕಳಿಗಾಗಿ ಆಸ್ಪತ್ರೆ ಸುತ್ತಿ ಸುತ್ತಿ ಸಾಕಾಗಿದ್ದ ಕಾಲದಲ್ಲಿ, ಒಂದು ಸಂಜೆ ಡಾಕ್ಟರ ಹತ್ತಿರದಿಂದ ಬರುವಾಗ, ಹಲಸೂರು ಕೆರೆಯ ಏರಿ ಪಕ್ಕ ನಾನು ಹೇಳಿದೆ: "ಇನ್ನು ಇಲ್ಲಿಗೆ ಬರೋದು ಬೇಡ ರೀ. ಆಗಿದ್ದರೆ ಚೆನ್ನಾಗಿತ್ತು, ಆಗಲಿಲ್ಲ. ನಂಗೆ ನೀವಿದ್ದೀರಿ, ಅಷ್ಟು ಸಾಕು." ಬೆನ್ನು 'ಹೂಂ' ಅಂದಿತು. ಸ್ವಲ್ಪ ಮುಂದೆ ಹೋಗಿ ಸೈಕಲ್ ನಿಲ್ಲಿಸಿದರು. ಚೈನು ಬಿದ್ದಿದೆ ಅಂತ ಹೇಳಿ ಬಗ್ಗಿ ಬಹಳ ಹೊತ್ತು ಕೂತರು. ನಾನು ಕೆರೆ ನೋಡುತ್ತಾ ನಿಂತಿದ್ದೆ. ಆಮೇಲೆ ನಾವು ಆ ಡಾಕ್ಟರ ಹತ್ತಿರ ಹೋಗಲಿಲ್ಲ, ಆ ಮಾತನ್ನು ಇನ್ನೊಮ್ಮೆ ಆಡಲೂ ಇಲ್ಲ. ಆ ಒಂದು 'ಹೂಂ' ಮೇಲೆ ನಮ್ಮ ಸಂಸಾರ ನಡೆಯಿತು.

ಅವರ ತಿಥಿಯ ದಿನ ನಾದಿನಿ ಕೇಳಿದಳು: "ಅತ್ತಿಗೆ, ನಮ್ಮಣ್ಣ ನಿಮ್ಮ ಹತ್ರನಾದ್ರೂ ಬಾಯಿ ಬಿಡ್ತಿದ್ನಾ?"

"ಎಲ್ಲಾ ಮಾತಾಡ್ಕೊಂಡಿದ್ವಿ ಕಣಮ್ಮ, ಸೈಕಲ್ ಮೇಲೆ," ಅಂದೆ. ಸ್ವಲ್ಪ ಜಂಬದಿಂದಲೇ ಅಂದೆ ಅನ್ನಿಸುತ್ತದೆ.

ಸೈಕಲ್ಲಿಗೆ ದೂಳು ಕೂತಿತು. ಓನರ್ ಅಮ್ಮ ಮೆಟ್ಟಿಲು ಗುಡಿಸಿದಾಗಲೆಲ್ಲ ಅದನ್ನೊಮ್ಮೆ ನನ್ನನ್ನೊಮ್ಮೆ ನೋಡುತ್ತಿದ್ದರು. ಕೊನೆಗೆ ಬಾಯಿಬಿಟ್ಟೇ ಹೇಳಿದರು: "ಯಾರೂ ಓಡ್ಸಲ್ಲ ಅಂದ್ಮೇಲೆ ಗುಜರಿಯವನಿಗೆ ಕೊಟ್ಬಿಡ್ರೀ, ಪಾಪ, ಜಾಗನಾದ್ರೂ ಆಗ್ತದೆ."

"ನಾನೇ ಓಡಿಸ್ತೀನಿ," ಅಂದೆ. ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಹುಡುಗಿಯಾಗಿದ್ದಾಗ ಹಲಸೂರಿನಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು, ಬಾರಿನ ಕೆಳಗೆ ಕಾಲು ತೂರಿಸಿ ತುಳಿದದ್ದಷ್ಟೇ ನನ್ನ ವಿದ್ಯೆ. ಈಗ ಬಾರಿನ ಕೆಳಗೆ ತೂರುವ ಮೈಯಲ್ಲ.

ಹಲಸೂರಿನ ಸೈಕಲ್ ಅಂಗಡಿಯವರೆಗೆ ತಳ್ಳಿಕೊಂಡೇ ಹೋದೆ. ಅಂಗಡಿಯ ಭಾಯಿ ನಮ್ಮವರನ್ನು ಬಲ್ಲವರು. ಸುದ್ದಿ ಕೇಳಿ ಸ್ಪ್ಯಾನರ್ ಕೆಳಗಿಟ್ಟು ನನ್ನ ಕಡೆ ಸ್ಟೂಲು ತಳ್ಳಿದರು. ಆಮೇಲೆ ವ್ಯಾಪಾರಕ್ಕೆ ಬಂದರು.

"ಅಮ್ಮಾ, ಇದು ಯಾಕೆ? ಲೇಡೀಸ್ ಗಾಡಿ ತಗೊಳ್ಳಿ. ಬಾರ್ ಇಲ್ಲ, ಮುಂದೆ ಬುಟ್ಟಿ ಐತೆ, ಪಿಂಕ್ ಕಲರ್ ಕೂಡ ಐತೆ."

"ಪಿಂಕು ನಮ್ಮ ಸ್ಕೂಲಲ್ಲಿ ಎಲ್ಲಾ ಮಕ್ಕಳ ಹತ್ರಾನೂ ಇದೆ ಭಾಯ್. ಇದನ್ನೇ ಸರಿ ಮಾಡಿಕೊಡಿ."

ಸೈಕಲ್ಲಿಗೆ ಏನು ಬೇಕು ಏನು ಬೇಡ ಅನ್ನುವ ಮಾತು ಶುರುವಾದದ್ದು ಅಲ್ಲಿಂದ. ನನ್ನ ಕಷ್ಟ ಏನೆಂದರೆ ನಾನು ಹಿಂದಿನ ಅರ್ಧ ಸೈಕಲ್ಲನ್ನು ಮಾತ್ರ ಬಲ್ಲವಳು. ಕ್ಯಾರಿಯರ್ ವಿಷಯ ಕೇಳಿ, ಉಪನ್ಯಾಸ ಕೊಡುತ್ತೇನೆ. ಕಂಬಿ ಸಣ್ಣದಿದ್ದರೆ ತೊಡೆಯ ಮೇಲೆ ಬರೆ ಏಳುತ್ತದೆ. ಮೇಲಿನ ಸ್ಪ್ರಿಂಗ್ ಕ್ಲಿಪ್ಪು ಸೀರೆಯನ್ನು ಕಚ್ಚುತ್ತದೆ, ಇಳಿಯುವಾಗ ಬಿಡುವುದಿಲ್ಲ. ಕಾಲಿಡಲು ಮೆಟ್ಟು ಬೇಕು, ಚಕ್ರಕ್ಕೆ ಸೆರಗು ಸಿಕ್ಕದಂತೆ ಜಾಲರಿ ಬೇಕು, ಮೇಲೆ ಮಡಿಸಿದ ಗೋಣಿಗಿಂತ ಹಳೆಯ ಸ್ವೆಟರ್ ಒಳ್ಳೆಯದು. ಆದರೆ ಸೀಟು? ಭಾಯಿ ಎರಡು ತೋರಿಸಿದರು. ಒಂದು ಸಣ್ಣ ಮೂತಿಯದು, ಓಟದ ಹುಡುಗರಿಗೆ. ಇನ್ನೊಂದು ಅಗಲ, ಕೆಳಗೆ ಸ್ಪ್ರಿಂಗು. ಅಗಲದ್ದೇ ಇರಲಿ ಅಂದೆ. ಕೂತಾಗ ಅದು ಕಿರ್ ಅನ್ನುತ್ತದೆ, ಯಾರೋ ಜೊತೆಗಿದ್ದ ಹಾಗೆ. ಎತ್ತರ ಮಾತ್ರ ಮುಟ್ಟಬೇಕಾಗಲಿಲ್ಲ. ನಾನೂ ಅವರೂ ಒಂದೇ ಎತ್ತರ. ಇಷ್ಟು ವರ್ಷ ಅವರು ಸೀಟಿನಲ್ಲಿ, ನಾನು ಕ್ಯಾರಿಯರ್ ಮೇಲೆ ಕೂತದ್ದರಿಂದ ಅದು ಯಾರ ಗಮನಕ್ಕೂ ಬಂದಿರಲಿಲ್ಲ.

"ಕ್ಯಾರಿಯರ್ ತೆಗೆದ್ಬಿಡ್ಲಾ? ಹಿಂದೆ ಯಾರೂ ಕೂರಲ್ವಲ್ಲ," ಅಂದರು ಭಾಯಿ. ತಪ್ಪು ಮಾತೇನಲ್ಲ. ಆದರೂ ಇಬ್ಬರೂ ರಸ್ತೆ ಕಡೆ ನೋಡಿದೆವು.

"ಇರಲಿ, ತರಕಾರಿ ಕಟ್ಟೋಕೆ ಬೇಕು," ಅಂದೆ.

ಚೈನಿಗೆ ಅರ್ಧ ಕವರ್ ಹಾಕುತ್ತೇನೆ ಅಂದರು, ನಾನು ಬಟ್ಟೆಗೆ ಎಣ್ಣೆ ಹತ್ತುತ್ತದೆ, ಇರುವ ಫುಲ್ ಕವರೇ ಸಾಕು ಅಂದೆ. "ಆಮೇಲೆ ಬೈಬೇಡಿ. ಫುಲ್ ಕವರಲ್ಲಿ ಚೈನ್ ಬಿದ್ರೆ ಸ್ಕ್ರೂಡ್ರೈವರ್ ಇಲ್ದೆ ಮುಟ್ಟಕ್ಕೂ ಆಗಲ್ಲ, ಇಲ್ಲೀವರ್ಗೂ ತಳ್ಕೊಂಡೇ ಬರ್ಬೇಕು." ಕೊನೆಗೆ ಅವರ ಕಣ್ಣು ಹ್ಯಾಂಡಲ್ಲಿನ ಕನ್ನಡಿಯ ಮೇಲೆ ಬಿತ್ತು. ದುಂಡನೆಯ ಸಣ್ಣ ಕನ್ನಡಿ. ಮದುವೆಯಾದ ಹೊಸತರಲ್ಲಿ ನಮ್ಮವರೇ ಹಾಕಿಕೊಂಡದ್ದು. "ಎಡಗಡೆ ಯಾರಾದ್ರೂ ಮಿರರ್ ಹಾಕ್ತಾರಾ? ಬಸ್ಸು ಲಾರಿ ಬರದು ಬಲಗಡೆಯಿಂದ. ಅದೂ ಸೊಟ್ಟ." ತಿರುಗಿಸಲು ನೋಡಿದರು, ತುಕ್ಕು ಹಿಡಿದು ಕಲ್ಲಾಗಿತ್ತು. "ಹೊಸಾದು ತರಿಸಿ ಬಲಕ್ಕೆ ಹಾಕ್ತೀನಿ, ಇದನ್ನ ಕಿತ್ ಬಿಸಾಕಣ." ಆಗಲಿ ಅಂದೆ. ನಮ್ಮವರಿಗೆ ಬೈಂಡಿಂಗ್ ಬಿಟ್ಟು ಬೇರೆ ಕೆಲಸದಲ್ಲಿ ಕೈ ನೆಟ್ಟಗಿರಲಿಲ್ಲ, ಮನೆಯ ಗೋಡೆಯ ಮೊಳೆಗಳೇ ಅದಕ್ಕೆ ಸಾಕ್ಷಿ.

ವಾಪಸ್ ತಳ್ಳಿಕೊಂಡು ಬರುವಾಗ ಅಂಗಡಿಯೊಂದರ ಕ್ಯಾಲೆಂಡರಿನಲ್ಲಿ ಶಿವಪಾರ್ವತಿ ನಂದಿಯ ಮೇಲೆ ಕೂತಿದ್ದರು. ದಿನಾ ನೋಡುವ ಚಿತ್ರವೇ. ಅವತ್ತು ಮಾತ್ರ ಗಾಡಿ ಓಡಿಸುವವಳ ಕಣ್ಣಿಂದ ನೋಡಿದೆ. ಅಮ್ಮನವರು ಎಡಗಡೆ, ನನ್ನ ಹಾಗೇ ಒಂದೇ ಕಡೆಗೆ ಕಾಲು ಬಿಟ್ಟುಕೊಂಡು. ಶಿವನೂ ನಮ್ಮ ಕಡೆಗೇ ನೋಡುತ್ತಿದ್ದಾನೆ. ದಾರಿ ನೋಡಿಕೊಳ್ಳುವುದೆಲ್ಲ ನಂದಿಯ ತಲೆಗೆ. ನಮ್ಮ ಎಲ್ಲಾ ದೇವರಿಗೂ ವಾಹನವಿದೆ, ಒಬ್ಬರ ಕೈಯಲ್ಲೂ ಹ್ಯಾಂಡಲ್ ಇಲ್ಲ. ದೇವರಾಗುವ ಸುಖ ಅದೇ ಇರಬೇಕು. ಇಷ್ಟು ವರ್ಷ ನಾನೂ ಹೆಚ್ಚುಕಡಿಮೆ ದೇವರಾಗಿಯೇ ಇದ್ದೆ.

ಬಟ್ಟೆಯದು ಬೇರೆ ಪುರಾಣ. ಬಾರಿರುವ ಸೈಕಲ್ಲಿಗೆ ಸೀರೆ ನಡೆಯುವುದಿಲ್ಲ. ಶಿವಾಜಿನಗರದ ಬಟ್ಟೆ ಅಂಗಡಿಗೆ ಹೋಗಿ ಚೂಡಿದಾರ್ ಕೇಳಿದೆ. "ಮಗಳ ಸೈಜ್ ಎಷ್ಟಮ್ಮ?" ಅಂದಳು ಮಾರುವ ಹುಡುಗಿ. "ಮಗಳು ನಾನೇ," ಅಂದೆ. ಕಾಲು ಅಗಲವಿದ್ದರೆ ಪೆಡಲಿಗೆ ಸಿಗುತ್ತದೆ, ತೀರಾ ಬಿಗಿಯಾದರೆ ಕಾಲು ಎತ್ತಲಾಗುವುದಿಲ್ಲ. ದುಪಟ್ಟಾವನ್ನು ಎರಡು ಪಿನ್ನು ಹಾಕಿ ಬಂಧಿಸಬೇಕು, ಇಲ್ಲದಿದ್ದರೆ ಅದು ಹಿಂದಿನ ಚಕ್ರದ ಜೊತೆ ಸ್ನೇಹ ಬೆಳೆಸುತ್ತದೆ. ಹೆಲ್ಮೆಟ್ಟಿಗೂ ತುರುಬಿಗೂ ಆಗುವುದಿಲ್ಲ; ಹುಡುಗಿಯರ ಹಾಗೆ ಜಡೆ ಇಳಿಬಿಡಬೇಕಾಯಿತು. ಹವಾಯಿ ಚಪ್ಪಲಿ ಬೇಡವೇ ಬೇಡ. ಮನೆ ಹಿಂದಿನ ಗಲ್ಲಿಯಲ್ಲಿ ಬಿದ್ದೆದ್ದು ಕಲಿತು ರಸ್ತೆಗಿಳಿದ ಹೊಸತರಲ್ಲಿ, ಒಂದು ದಿನ ಹಲಸೂರಿನ ಸಿಗ್ನಲ್ ದಾಟುವಾಗ ಎಡಗಾಲಿನದು ಕಳಚಿ ನಡುರಸ್ತೆಯಲ್ಲಿ ಕೂತಿತು. ನಿಲ್ಲಿಸಲು ಧೈರ್ಯವಾಗದೆ ಬರಿಗಾಲಲ್ಲೇ ತುಳಿದೆ. ಹಿಂದಿನಿಂದ ಆಟೋದವನು ಕೂಗಿದ: "ಆಂಟೀ, ಇನ್ನೊಂದೂ ಬಿಸಾಕಿ, ಜೋಡಿ ಮಾಡ್ಕೊಂಡ್ ಹೋಗ್ತೀನಿ." ಮಾರನೆಯ ದಿನವೇ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ತಂದೆ.

ಹೀಗೆ ಮುಂದೆ ಕೂತ ಮೇಲೆ ಎಷ್ಟೋ ವಿಷಯ ಗೊತ್ತಾಯಿತು. ಗುಂಡಿ ತಪ್ಪಿಸಲು ಅವರು ಸೈಕಲ್ ಹೊರಳಿಸಿದಾಗಲೆಲ್ಲ "ನೆಟ್ಟಗೆ ಹೋಗಬಾರದಾ" ಅಂತ ಬೆನ್ನಿಗೆ ತಿವಿಯುತ್ತಿದ್ದೆ. ನೆಟ್ಟಗೆ ಹೋಗಿದ್ದರೆ ನಾವಿಬ್ಬರೂ ಗುಂಡಿಯಲ್ಲಿರುತ್ತಿದ್ದೆವು. ಇನ್ನೊಂದು ವಿಷಯ ಗೊತ್ತಾದದ್ದು ಸೆಲ್ವಿಯಿಂದ.

ಸೆಲ್ವಿ ನಮ್ಮ ಶಾಲೆಯ ಇನ್ನೊಬ್ಬ ಆಯಾ, ಹಲಸೂರಿನವಳು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಕನ್ನಡಿ ಬಂದಿದೆಯಾ ಅಂತ ಭಾಯಿಯ ಅಂಗಡಿಗೆ ಹೊರಟಿದ್ದೆ. "ಅಕ್ಕಾ, ನನ್ನೂ ಬಿಡಿ," ಅಂತ ಕೇಳಿ, ಉತ್ತರಕ್ಕೂ ಕಾಯದೆ ಕ್ಯಾರಿಯರ್ ಏರಿದಳು. ಸೈಕಲ್ಲು ಒಮ್ಮೆ ಹಿಂದಕ್ಕೆ ಜಗ್ಗಿ, ಸಮವಾಗಿ, ಹೊರಟಿತು. ಅವಳು ಮಾತು ಶುರುಮಾಡಿದಳು. ಶುರುಮಾಡಿದ್ದು ಗೊತ್ತಾಯಿತು, ಅಷ್ಟೇ. ಬಸ್ಸಿನ ಸದ್ದು, ಹಾರ್ನು, ಕಿವಿಗೆ ನುಗ್ಗುವ ಗಾಳಿ, ಇವುಗಳ ನಡುವೆ ಹಿಂದಿನಿಂದ ಬಂದದ್ದು ಒಂದು ಗುಜುಗುಜು. ಮಾತು ನಿಂತಿತು ಅನ್ನಿಸಿದ ಕಡೆ ನನ್ನ ಬಾಯಿಂದ ತಾನಾಗಿ ಬಂತು: 'ಹೂಂ'.

ಅದು ಬಾಯಿಂದ ಬಿದ್ದದ್ದೇ ನಮ್ಮವರ ಬೆನ್ನು ನೆನಪಾಯಿತು. ಹಾಗಾದರೆ ಅವರಿಗೂ ಇಷ್ಟೇ ಕೇಳಿಸಿದ್ದು. ಟೊಮೆಟೊ ಸುದ್ದಿ ಹೋಗಲಿ. ಕೆರೆ ಏರಿಯ ಆ ಮಾತು? ಅದಕ್ಕೆ ಬಂದ 'ಹೂಂ' ಕೂಡ ಇದೇ ಜಾತಿಯದಾ? ನಾದಿನಿಗೆ ನಾನು ಹೇಳಿದ್ದು ಸುಳ್ಳಾಯಿತಾ? ಇಷ್ಟು ವರ್ಷ ನಾನು ಗಾಳಿಯ ಜೊತೆ ಸಂಸಾರ ಮಾಡಿದೆನಾ? ಮನೆಯಲ್ಲಿ ಒಬ್ಬಳೇ ಇರುವುದು ಹೇಗೋ ಅಭ್ಯಾಸವಾಗುತ್ತಿತ್ತು. ಅವರಿದ್ದಾಗಲೂ ಒಬ್ಬಳೇ ಇದ್ದೆ ಅನ್ನುವುದನ್ನು ತಡೆದುಕೊಳ್ಳುವುದು ಹೇಗೆ?

ರಸ್ತೆ ಸ್ವಲ್ಪ ಖಾಲಿಯಾಗಿತ್ತು. ಕಣ್ಣು ಒರೆಸಿಕೊಳ್ಳಲು ಎಡಗೈ ಎತ್ತಿದವಳು ಹ್ಯಾಂಡಲ್ ಕಡೆ ನೋಡಿದೆ. ಸೊಟ್ಟ ಕನ್ನಡಿಯ ತುಂಬಾ ಸೆಲ್ವಿಯ ಮುಖವಿತ್ತು. ಹುಬ್ಬು ಏರುತ್ತಿತ್ತು, ಇಳಿಯುತ್ತಿತ್ತು, ಮೂಗುಬಟ್ಟು ಹೊಳೆಯುತ್ತಿತ್ತು, ಬಾಯಿ ಒಂದೇ ಸಮನೆ ಆಡುತ್ತಿತ್ತು. ರಸ್ತೆಯ ಒಂದು ಚೂರೂ ಅದರಲ್ಲಿಲ್ಲ. ಆಕೆ ಇತ್ತ ತಿರುಗಿದಳು, ಕಣ್ಣಿಗೆ ಕಣ್ಣು ಸಿಕ್ಕಿತು. ನನ್ನ ಹೆಗಲಿಗೆ ಬಡಿದು ಕಿವಿಯ ಹತ್ತಿರ ಬಂದು ಕಿರುಚಿದಳು: "ಏನಕ್ಕಾ ನನ್ನೇ ನೋಡ್ತೀರಾ? ರೋಡ್ ನೋಡಿ, ನಂಗೆ ಎರಡು ಮಕ್ಕಳಿದಾವೆ."

ರೋಡ್ ನೋಡಿದೆ. ಕಾಲು ತಾನಾಗಿ ತುಳಿಯುತ್ತಿತ್ತು. ಎಡಗಡೆ ಯಾರಾದರೂ ಕನ್ನಡಿ ಹಾಕುತ್ತಾರಾ? ಹಾಕುತ್ತಾರೆ. ಎಡಕ್ಕೆ ಕಾಲು ಬಿಟ್ಟು ಕೂತವಳನ್ನು ನೋಡಬೇಕಾದರೆ ಬೇರೆ ಕಡೆ ಹಾಕಲಾಗುವುದಿಲ್ಲ. ಮಾತು ಕೇಳಿಸಿತೋ ಇಲ್ಲವೋ, ಮುಖ ಕಂಡಿತ್ತು. ಆ ಸಂಜೆ ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ, ಅವರಿಗೆ ಗೊತ್ತಿತ್ತು. ಸ್ಕ್ರೂಡ್ರೈವರ್ ಇಲ್ಲದೆ, ಮುಚ್ಚಿದ ಕವರಿನ ಮುಂದೆ, ಬೀಳದ ಚೈನನ್ನು ಅಷ್ಟು ಹೊತ್ತು ಸರಿಮಾಡಿದ ಮನುಷ್ಯ ಅವರು.

ಸಮಾಧಾನದ ಜೊತೆಗೇ ಒಂದು ಮುಳ್ಳೂ ಬಂತು. ಸೆಲ್ವಿ ನನಗೆ ಕಂಡ ಹಾಗೆ ನಾನೂ ಸೆಲ್ವಿಗೆ ಕಂಡೆ. ಅಂದರೆ ಯಾವ ದಿನ ಬೇಕಾದರೂ ಕುತ್ತಿಗೆ ಇಷ್ಟು ಹೊರಳಿಸಿದ್ದರೆ ಅವರ ಮುಖವೂ ನನಗೆ ಕಾಣುತ್ತಿತ್ತು. ನಾನು ಅಂಗಡಿ ನೋಡುತ್ತಿದ್ದೆ. ಯಾವ ಗೇಟಿಗೆ ಯಾವ ಬಣ್ಣ ಅಂತ.

ಭಾಯಿಯ ಅಂಗಡಿಯಲ್ಲಿ ಹೊಸ ಕನ್ನಡಿ ಬಂದಿತ್ತು. ಬಲಗಡೆ ಹಾಕಿ, ಹಳೆಯದಕ್ಕೆ ಸ್ಪ್ಯಾನರ್ ಹಿಡಿದರು.

"ಅದು ಇರಲಿ ಭಾಯ್."

"ಅದ್ರಲ್ಲಿ ಏನ್ ಕಾಣ್ತದಮ್ಮ?"

"ಬಲಗಡೇದು ಬಸ್ಸಿಗೆ. ಇದು ನಂಗೆ."

ಭಾಯಿ ತಲೆ ಕೆರೆದುಕೊಂಡು ಸೆಲ್ವಿಯನ್ನು ನೋಡಿದರು. ಸೆಲ್ವಿ, ಹೀಗೇನೇ ಇವರು, ಅನ್ನುವಂತೆ ಕೈ ತಿರುಗಿಸಿದಳು.

ಈಗ ಎರಡು ಕನ್ನಡಿಯ ಸೈಕಲ್ಲು ನನ್ನದು, ಬೀದಿಯ ಹುಡುಗರು ನಗುತ್ತಾರೆ. ಬಲಗಡೆಯದು ನನ್ನ ಜೀವ ಕಾಯುತ್ತದೆ. ಎಡಗಡೆಯದರಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಮರ, ಕಾಂಪೌಂಡು, ಗೇಟು ಹಿಂದಕ್ಕೆ ಸರಿಯುತ್ತಾ ಹೋಗುತ್ತವೆ, ನಾನು ಕ್ಯಾರಿಯರ್ ಮೇಲಿಂದ ನೋಡುತ್ತಿದ್ದವೇ. ಮೊನ್ನೆ ಸಿಗ್ನಲ್ಲಿನಲ್ಲಿ ನಿಂತಾಗ ಅದನ್ನೇ ನೋಡುತ್ತಾ ಗಟ್ಟಿಯಾಗಿ 'ಹೂಂ' ಅಂದುಬಿಟ್ಟೆ. ಪಕ್ಕದ ಸ್ಕೂಟರಿನವನು ಹೆಲ್ಮೆಟ್ ಎತ್ತಿ, "ಏನಂದ್ರಿ ಆಂಟಿ?" ಅಂದ.

"ನಿಮಗಲ್ಲಪ್ಪ," ಅಂದೆ. ಅಷ್ಟರಲ್ಲಿ ಹಸಿರು ಬಿತ್ತು.