ಓದದೆ ಹಾಕಿದ ಸಹಿ

ದುಬೈಯ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಇತಿಹಾಸ ಪಾಠ ಮಾಡಿದ ನಾನು, ಅಬುಧಾಬಿಯ ಒಂದು ಪುಟ್ಟ ಕ್ರೈಸ್ತ ಶಾಲೆಗೆ ಮುಖ್ಯಸ್ಥೆಯಾಗಿ ಹೋಗುತ್ತೇನೆ ಎಂದಾಗ ನನ್ನ ಗಂಡ ಕೇಳಿದ್ದು ಒಂದೇ ಪ್ರಶ್ನೆ. “ಸಣ್ಣ ಮಕ್ಕಳೊಟ್ಟಿಗೆ ನಿನಗೆ ಆಗ್ತದಾ ಮಾರಾಯ್ತಿ?” ನನಗೆ ಸಿಟ್ಟು ಬಂತು. ಇಪ್ಪತ್ತು ವರ್ಷದ ಕೋಣಗಳನ್ನು ಸಂಭಾಳಿಸಿದವಳಿಗೆ ಈ ಚಿಳ್ಳೆಪಿಳ್ಳೆಗಳು ಯಾವ ಲೆಕ್ಕ ಎಂದು ಅವರ ಬಾಯಿ ಮುಚ್ಚಿಸಿದೆ. ಅವರ ಆಫೀಸು ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ, ನಮ್ಮ ಮನೆಯೂ ದುಬೈಯಲ್ಲೇ, ಅಲ್ ಮುರಕ್ಕಬಾತ್‌ನಲ್ಲಿ. ಹಾಗಾಗಿ ಅವರು ಅಲ್ಲೇ ಉಳಿದರು. ನಾನು ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಒಂದು ವಿಲ್ಲಾದ ಹಿಂಬದಿಯ ಸ್ಟುಡಿಯೋ ಹಿಡಿದು, ಶುಕ್ರವಾರ, ಶನಿವಾರದ ರಜೆ ಬಿಟ್ಟು ಭಾನುವಾರದಿಂದ ಗುರುವಾರದವರೆಗೆ ಒಬ್ಬಳೇ ಇರತೊಡಗಿದೆ.

ಶಾಲೆಯೂ ಒಂದು ವಿಲ್ಲಾವೇ. ನನ್ನ ಕಚೇರಿ ಯಾರದೋ ಮಲಗುವ ಕೋಣೆಯಾಗಿತ್ತು, ಅದಕ್ಕೆ ಸೇರಿದ ಬಚ್ಚಲಿನ ಟಬ್ಬಿನಲ್ಲಿ ಹಳೆಯ ಉತ್ತರ ಪತ್ರಿಕೆಗಳನ್ನು ಪೇರಿಸಿಟ್ಟಿದ್ದರು. ಅಲ್ಲಿ ಕಲಿಸುತ್ತಿದ್ದುದು ಯುರೋಪಿನ ಹಳೆಯ ಕ್ರಮದಲ್ಲಿ. ಸಣ್ಣವರು ಎಲ್ಲವನ್ನೂ ರಾಗವಾಗಿ ಹೇಳಿ ಬಾಯಿಪಾಠ ಮಾಡಬೇಕು, ನಡುವಿನವರು ತರ್ಕ ಕಲಿಯಬೇಕು, ದೊಡ್ಡವರು ನಾಲ್ಕು ಜನರ ಮುಂದೆ ನಿಂತು ಮಾತಾಡಬೇಕು. ಲ್ಯಾಟಿನ್ ಎಲ್ಲರಿಗೂ ಕಡ್ಡಾಯ. ಕಾಗದದ ಮೇಲೆ ಓದಿದಾಗ ನಾನು ಈ ಕ್ರಮಕ್ಕೆ ಮಾರುಹೋಗಿದ್ದೆ. ಮೊದಲ ವಾರ ಐದನೇ ತರಗತಿಗೆ ಹೋಗಿ ರೋಮಿನ ಬಗ್ಗೆ ನಲವತ್ತು ನಿಮಿಷ ನಿರರ್ಗಳವಾಗಿ ಮಾತಾಡಿದೆ. ಮುಗಿಸಿದಾಗ ಒಬ್ಬ ಹುಡುಗ ಕೈಯೆತ್ತಿ, “ಮಿಸ್, ನಾವು ಹೇಳೋದು ಯಾವಾಗ?” ಎಂದ. ಆಮೇಲೆ ನನಗೆ ಪಾಠಕ್ಕೆ ಸಮಯವೂ ಸಿಗಲಿಲ್ಲ, ಯಾರೂ ಕರೆಯಲೂ ಇಲ್ಲ.

ಕಾಲೇಜಿನಲ್ಲಿ ನಾವು ಏಳು ಮಂದಿ ಒಂದೇ ಮೇಜಿನ ಸುತ್ತ ಡಬ್ಬಿ ಬಿಚ್ಚುತ್ತಿದ್ದೆವು. ಒಬ್ಬರ ಮೀನು ಇನ್ನೊಬ್ಬರ ತಟ್ಟೆಗೆ, ಪ್ರಿನ್ಸಿಪಾಲರ ಮೇಲಿನ ದೂರು ಎಲ್ಲರ ಬಾಯಿಗೆ. ಈಗ ಬೈಸಿಕೊಳ್ಳುವ ಸರದಿ ನನ್ನದು. ನಾನು ಸ್ಟಾಫ್ ರೂಮಿನ ಬಾಗಿಲು ತೆರೆದರೆ ಮಾತು ನಿಂತುಹೋಗುತ್ತಿತ್ತು. ಯಾರೋ ಎದ್ದು ಕುರ್ಚಿ ಕೊಡುತ್ತಿದ್ದರು, ಇನ್ಯಾರೋ ವರದಿ ಒಪ್ಪಿಸುತ್ತಿದ್ದರು. ಎರಡು ವಾರ ಪ್ರಯತ್ನಪಟ್ಟು, ಮೂರನೇ ವಾರದಿಂದ ಕಚೇರಿಯಲ್ಲೇ ಬಾಗಿಲು ಹಾಕಿಕೊಂಡು ಉಣ್ಣತೊಡಗಿದೆ. ಒಂಟಿತನ ನನಗೆ ತಿಳಿಯದ್ದೇನಲ್ಲ, ಆದರೆ ಪಕ್ಕದ ಕೋಣೆಯಲ್ಲಿ ಹನ್ನೆರಡು ಮಂದಿ ನಗುತ್ತಿರುವಾಗ ಒಬ್ಬಳೇ ಮೊಸರನ್ನ ತಿನ್ನುವ ಒಂಟಿತನ ಹೊಸದು.

ಆ ಬಾಗಿಲು ತಟ್ಟಿದ್ದು ನಾಲ್ಕನೇ ತರಗತಿಯ ಒಬ್ಬ ಹುಡುಗಿ. ಉಡುಪಿ ಕಡೆಯವಳು. ಇಡೀ ಶಾಲೆಯಲ್ಲಿ ಕನ್ನಡ ಬರುವವರು ಅವಳನ್ನು ಬಿಟ್ಟರೆ ನಾನೊಬ್ಬಳೇ. ಅವಳಿಗೂ ಬರುತ್ತಿದ್ದುದು ಅರೆಬರೆ. “ಮಿಸ್, ನನ್ನ ಅಜ್ಜಿ ಊಟಕ್ಕೆ ಮುಂಚೆ ಹೇಳುವ ಪ್ರೇಯರ್ ಉಂಟಲ್ಲ, ಅದು ಕನ್ನಡದಲ್ಲಿ. ಐ ವಾಂಟ್ ಟು ಲರ್ನ್ ಇಟ್ ಪ್ರಾಪರ್ಲಿ,” ಎಂದಳು. ಅಮ್ಮನ ಕೈಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿಕೊಂಡು ಬಂದಿದ್ದ ಎಂಟು ಸಾಲು. ದಿನವೂ ಊಟದ ಬಿಡುವಿನಲ್ಲಿ ಹತ್ತು ನಿಮಿಷ ನಾವಿಬ್ಬರೂ ಅದನ್ನು ಹೇಳುತ್ತಿದ್ದೆವು. ಅವಳ ನಾಲಿಗೆಗೆ ‘ಳ’ ಹೊರಳುತ್ತಿರಲಿಲ್ಲ, ನಾನು ಬಿಡುತ್ತಿರಲಿಲ್ಲ. ಆ ಹತ್ತು ನಿಮಿಷಕ್ಕಾಗಿ ಬೆಳಗ್ಗಿನಿಂದ ಕಾಯುತ್ತಿದ್ದೆ ಎಂದು ಹೇಳಲು ನನಗೆ ಈಗ ನಾಚಿಕೆಯಿಲ್ಲ.

ಗಲ್ಫಿನ ಶಾಲೆಗಳಲ್ಲಿ ಮಕ್ಕಳು ಬೇಸಗೆಯವರೆಗೆ ಕಾಯದೆ ಹೊರಡುತ್ತಾರೆ. ಅಪ್ಪನ ಕೆಲಸ ಹೋದರೆ, ವೀಸಾ ಕ್ಯಾನ್ಸಲ್ ಆದರೆ, ತಿಂಗಳೊಳಗೆ ಮನೆ ಖಾಲಿ. ಅದಕ್ಕೆಂದೇ ಆ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಹೊರಡುವ ಮಗು ಕೊನೆಯ ದಿನ ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಂತು, ತನಗಿಷ್ಟವಾದ ಏನನ್ನಾದರೂ ಬಾಯಿಪಾಠ ಒಪ್ಪಿಸಬೇಕು. ಆಮೇಲೆ ಇಡೀ ಶಾಲೆ ಎದ್ದು ನಿಂತು ಲ್ಯಾಟಿನ್ನಿನಲ್ಲಿ ಎರಡು ಸಾಲಿನ ಆಶೀರ್ವಾದ ಹೇಳುತ್ತದೆ, ಮುಖ್ಯಸ್ಥರು ಮಗುವಿನ ತಲೆಯ ಮೇಲೆ ಕೈಯಿಡುತ್ತಾರೆ. ಲ್ಯಾಟಿನ್ ಕಲಿಸುವ ಹಿರಿಯ ಶಿಕ್ಷಕಿ ನಾನು ಬಂದ ವಾರವೇ, ವರ್ಗಾವಣೆ ಪತ್ರಗಳನ್ನು ಸ್ವತಃ ನೋಡಿ ದಿನ ಗೊತ್ತುಮಾಡಿ ಎಂದು ಹೇಳಿದ್ದರು. ನಾನು ತಲೆಯಾಡಿಸಿದ್ದೆ.

ಆದರೆ ನನ್ನ ಕೈಗೆ ಕಾಲೇಜಿನ ಅಭ್ಯಾಸ. ಅಲ್ಲಿ ನೂರಾರು ಅಂಕಪಟ್ಟಿಗಳಿಗೆ ಒಮ್ಮೆಲೇ ಕೂತು ಸಹಿ ಹಾಕಬೇಕಿತ್ತು. ಗುಮಾಸ್ತರು ಹಾಳೆಗಳನ್ನು ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಜಾರಿಸಿ, ಸಹಿಯ ಜಾಗ ಮಾತ್ರ ಕಾಣುವ ಹಾಗೆ ಹರಡುತ್ತಿದ್ದರು. ನಾವು ಮೇಲಿಂದ ಕೆಳಕ್ಕೆ ಸರಸರನೆ ಇಳಿಯುತ್ತಿದ್ದೆವು. ಈ ಜಾಣ್ಮೆಯನ್ನು ಹೊಸ ಶಾಲೆಯ ಕಚೇರಿಯ ಹುಡುಗಿಗೆ ನಾನೇ ಕಲಿಸಿದೆ. ಅವಳು ಮೊದಲು ಒಂದೊಂದೇ ಹಾಳೆ ತಂದು, ಇದು ಇಂಥದ್ದು ಎಂದು ಹೇಳಿ ಸಹಿ ಹಾಕಿಸುತ್ತಿದ್ದಳು. ಹೀಗಾದರೆ ಸಂಜೆಯಾಗುತ್ತದೆ ಎಂದು ರೇಗಿದ್ದೆ.

ಅದೊಂದು ಗುರುವಾರ. ಪ್ರಾರ್ಥನೆ ಮುಗಿದು ಸಾಲುಗಳು ಚದುರುತ್ತಿದ್ದವು. ನನ್ನ ಊಟದ ಬಿಡುವಿನ ಹುಡುಗಿ ಮಾತ್ರ ಸಾಲಿನಿಂದ ಎರಡು ಹೆಜ್ಜೆ ಮುಂದೆ ಬಂದು, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಎರಡು ಜಡೆ, ಹೊಸ ರಿಬ್ಬನ್ನು. ಮಧ್ಯಾಹ್ನ ದುಬೈ ಬಸ್ಸು ಹಿಡಿಯುವ ಧಾವಂತದಲ್ಲಿದ್ದ ನಾನು ಕೈಬೀಸಿ, “ಏನು ಕಂಬದ ಹಾಗೆ ನಿಂತಿದ್ದಿ? ಯಲ್ಲಾ, ಕ್ಲಾಸಿಗೆ ನಡಿ,” ಎಂದೆ. ಅವಳು ಒಮ್ಮೆ ತನ್ನ ತರಗತಿಯ ಟೀಚರನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಹೋದಳು.

ಭಾನುವಾರ ಬಿಡುವಿನಲ್ಲಿ ಅವಳು ಬರಲಿಲ್ಲ. ಸೋಮವಾರವೂ ಇಲ್ಲ. ಕಾಲೇಜಿನಲ್ಲಿ ತರಗತಿಗೆ ಬಾರದವರನ್ನು ಹುಡುಕಿಕೊಂಡು ಹೋಗುವ ಕ್ರಮ ನಮ್ಮದಲ್ಲ, ಬೇಕಿದ್ದರೆ ಬರುತ್ತಾರೆ. ನಿಜ ಹೇಳಬೇಕೆಂದರೆ ನಾನು ಮುನಿಸಿಕೊಂಡಿದ್ದೆ. ಪ್ರಾರ್ಥನೆ ಬಾಯಿಗೆ ಬಂತು, ಇನ್ನು ಈ ಮುದುಕಿ ಯಾಕೆ ಎಂದುಕೊಂಡಿರಬೇಕು ಅಂತ. ಐವತ್ತರ ಹೆಂಗಸು ಒಂಬತ್ತು ವರ್ಷದವಳ ಮೇಲೆ ಮುಖ ದಪ್ಪ ಮಾಡಿಕೊಂಡು ನಾಲ್ಕು ದಿನ ಒಬ್ಬಳೇ ಉಂಡಳು.

ಐದನೆಯ ದಿನ ತಡೆಯಲಾಗದೆ ಅವಳ ತರಗತಿಯ ಟೀಚರನ್ನು ಕರೆಸಿ ಕೇಳಿದೆ. ಆಕೆ ಕಣ್ಣರಳಿಸಿದರು. ಅಪ್ಪನ ಕಂಪನಿ ಮುಚ್ಚಿ ಮನೆಯವರೆಲ್ಲ ಊರಿಗೆ ಹೋದರು, ವರ್ಗಾವಣೆ ಪತ್ರಕ್ಕೆ ನೀವೇ ಸಹಿ ಹಾಕಿದ್ದಿರಿ ಎಂದರು. ಹಾಗಾದರೆ ಆ ದಿನ ನನಗೆ ಯಾಕೆ ಹೇಳಲಿಲ್ಲ ಎಂದು ಗದರಿದೆ. ಆಕೆ ನೆಲ ನೋಡುತ್ತಾ, “ನೀವು ಈ ಪದ್ಧತಿ ಬೇಡವೆಂದು ತೀರ್ಮಾನಿಸಿದ್ದೀರಿ ಅಂದುಕೊಂಡೆ ಮೇಡಂ. ಕೇಳಲು ನಮಗ್ಯಾರಿಗೂ ಧೈರ್ಯವಾಗಲಿಲ್ಲ,” ಎಂದರು. ಆಕೆ ಹೋದ ಮೇಲೆ ಕಡತ ತೆರೆದು ನೋಡಿದೆ. ಮೇಲೆ ಅವಳ ಹೆಸರು, ಕೆಳಗೆ ನನ್ನ ಸಹಿ. ಸಹಿ ಬಹಳ ಅಂದವಾಗಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅರ್ಜಿಯಲ್ಲಿದ್ದ ಊರಿನ ನಂಬರಿಗೆ ಅಂದೇ ಫೋನ್ ಮಾಡಿದೆ. ಅವಳ ತಾಯಿ ಎತ್ತಿಕೊಂಡರು.

“ಅಯ್ಯೋ ಮಿಸ್ಸಾ? ನಿಮ್ಮದೇ ಸುದ್ದಿ ಇಲ್ಲಿ. ಆ ಪ್ರಾರ್ಥನೆ ಕೊನೇ ದಿನ ಎಲ್ಲರೆದುರು ಹೇಳ್ಬೇಕಂತಲೇ ಕಲ್ತದ್ದು ಮಾರಾಯ್ರೆ. ಅವಳ ಅಪ್ಪನ ಕೆಲಸ ಹೋಗ್ತದೆ ಅಂತ ನಮಗೆ ಮೊದಲೇ ಗೊತ್ತಿತ್ತಲ್ಲ. ಮಿಸ್ಸಿಗೆ ಸರ್‌ಪ್ರೈಸ್ ಅಂತ ಇದ್ಲು. ಆ ದಿನ ಟೈಮ್ ಇರಲಿಲ್ಲಂತೆ ಅಲ್ವಾ? ತೊಂದ್ರೆ ಇಲ್ಲ ಬಿಡಿ, ಫೋನ್ ಕೊಡ್ತೇನೆ ಅವಳಿಗೆ.”

ಕ್ಷಮೆ ಕೇಳಬೇಕೆಂದು ನಾನು ಮಾತು ಜೋಡಿಸಿಕೊಂಡಿದ್ದೆ. ಫೋನ್ ತೆಗೆದುಕೊಂಡ ಹುಡುಗಿ ಅದಕ್ಕೆ ಎಡೆಗೊಡಲಿಲ್ಲ.

“ಮಿಸ್, ನಾನು ಹೋದ ಮೇಲೆ ಎಲ್ಲರೂ ನನಗೆ ಬ್ಲೆಸ್ಸಿಂಗ್ ಹೇಳಿದ್ರಾ?”

ಸತ್ಯ ಹೇಳುವುದನ್ನೇ ಮೊದಲ ಪಾಠವೆಂದು ಗೋಡೆಗೆ ಬರೆಸಿದ ಶಾಲೆಯ ಮುಖ್ಯಸ್ಥೆ ನಾನು. “ಹೌದು ಮಗಾ, ಹೇಳಿದರು,” ಎಂದೆ.

“ಎಲ್ಲರೂ ನಿಂತ್ಕೊಂಡು?”

“ಎಲ್ಲರೂ.”

“ಯಾರಾದ್ರೂ ಅತ್ರಾ?”

“ಅತ್ತರು.”

“ಓಕೆ ಮಿಸ್,” ಎಂದಳು. ದನಿಯಲ್ಲಿ ಸಮಾಧಾನವಿತ್ತು.

ಮರುವಾರದ ಭಾನುವಾರ ಬೆಳಗ್ಗೆ ಪ್ರಾರ್ಥನೆಯಲ್ಲಿ, ಆದದ್ದನ್ನು ಮಕ್ಕಳಿಗೂ ಟೀಚರುಗಳಿಗೂ ಇದ್ದ ಹಾಗೆ ಹೇಳಿದೆ. ತಪ್ಪು ನನ್ನದು ಎಂದೆ. ಅವಳು ನಿಂತಿದ್ದ ಜಾಗವನ್ನು ತೋರಿಸಿ, ಅವಳಿಗೆ ಆಶೀರ್ವಾದ ಹೇಳೋಣ ಎಂದೆ. ಇಡೀ ಶಾಲೆ ಎದ್ದು ನಿಂತು ಗಟ್ಟಿಯಾಗಿ ಎರಡು ಸಾಲು ಹೇಳಿತು. ಮಕ್ಕಳಿಗೆ ಅದೊಂದು ಮೋಜು. ಖಾಲಿ ಜಾಗಕ್ಕೆ ಆಶೀರ್ವಾದ ಮಾಡುವುದು ಕಂಡು ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಗುವೂ ಕೇಳಿಸಿತು. ಅವಳ ಪಕ್ಕದಲ್ಲಿ ಕೂರುತ್ತಿದ್ದವಳು ಆಗಲೇ ಹೊಸ ಗೆಳತಿಯ ಕೈ ಹಿಡಿದುಕೊಂಡಿದ್ದಳು. ಯಾರೂ ಅಳಲಿಲ್ಲ. ಫೋನಿನಲ್ಲಿ ನಾನು ಹೇಳಿದ್ದರಲ್ಲಿ ಅದೊಂದು ಬಾಕಿಯಿತ್ತು. ಕಚೇರಿಗೆ ಬಂದು ಬಾಗಿಲು ಹಾಕಿಕೊಂಡು ಅದನ್ನೂ ನಾನೇ ಮುಗಿಸಿದೆ.