ಮಗ್ಗದ ಗುಂಡಿಗೆ ಮುಚ್ಚಳ

ಆಗೆಲ್ಲ ಬಾಡಿಗೆ ಮನೆ ಹಿಡಿಯುವವರು ಗೋಡೆ ನೋಡುತ್ತಿದ್ದರು, ಮಾಡು ಸೋರುತ್ತದೋ ಎಂದು ತಲೆ ಎತ್ತಿ ನೋಡುತ್ತಿದ್ದರು. ನಮ್ಮಪ್ಪನೂ ಅಷ್ಟೇ ನೋಡಿದ್ದ. ಸಂಜೆ ಮಬ್ಬಿನಲ್ಲಿ ಬಾಗಿಲ ಹತ್ತಿರವೇ ನಿಂತು ಒಪ್ಪಿಕೊಂಡು ಬಂದಿದ್ದ. ನೆಲ ನೋಡಿರಲಿಲ್ಲ. ಗಂಟುಮೂಟೆ ಇಳಿಸಿ ಒಳಗೆ ಹೋದ ಮೇಲೆ ಗೊತ್ತಾಯಿತು, ನಡುಮನೆಯ ಕಿಟಕಿಯ ಕೆಳಗೆ ನನ್ನ ಸೊಂಟದಷ್ಟು ಆಳದ ಒಂದು ಗುಂಡಿ.

ಅದು ತೆಲುಗು ನಾಡಿನ ಮಂಗಳಗಿರಿ. ಬೀದಿಗೆ ಬೀದಿಯೇ ನೇಕಾರರದು. ನಾವು ರಾಯಚೂರಿನ ಕಡೆಯವರು. ಅಪ್ಪ ಈ ಊರಿನ ಹತ್ತಿ ಮಿಲ್ಲಿನಲ್ಲಿ ತೂಕದ ಕೆಲಸಕ್ಕೆ ಬಂದಿದ್ದ. ಗುಂಡಿ ಮಗ್ಗದ್ದು. ನೇಯುವವನು ನೆಲದ ಮೇಲೆ ಕೂತು, ಕಾಲು ಗುಂಡಿಯೊಳಗೆ ಇಳಿಬಿಟ್ಟು ಮಗ್ಗ ತುಳಿಯುತ್ತಾನೆ. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಗುಂಡಿಯನ್ನು ಬಿಚ್ಚಿ ಅಟ್ಟಕ್ಕೆ ಹಾಕಲು ಆಗುತ್ತದೆಯೇ? ಅದು ಅಲ್ಲೇ ಇತ್ತು.

ನನಗಂತೂ ಒಳ್ಳೆಯದೇ ಆಯಿತು. ತೆಲುಗು ಶಾಲೆಗೆ ಹಾಕಿದ್ದರು, ತಲೆಗೆ ಹತ್ತಲಿಲ್ಲ, ಬಿಟ್ಟೆ. ಅವ್ವ ಬೂದಿಯ ಮೇಲೆ ಬರೆದು ಕಲಿಸಿದ ಕನ್ನಡ ಅಕ್ಷರವೇ ನನ್ನ ಓದು. ದಿನವಿಡೀ ಮನೆಯಲ್ಲೇ ಇರುತ್ತಿದ್ದೆ. ಬೀದಿಯ ಹುಡುಗಿಯರನ್ನು ಕರೆದು ಗುಂಡಿಯೊಳಗೆ ಕೂತು ಕಲ್ಲಾಟ ಆಡುತ್ತಿದ್ದೆ. ಬೇಸಿಗೆಯಲ್ಲೂ ಅಲ್ಲಿ ತಂಪು. ಹೊರಗೆ ಬೀದಿಯುದ್ದಕ್ಕೂ ನೂಲು ಎಳೆದು ಕಟ್ಟಿ, ಗಂಜಿ ಹಚ್ಚಿ ತೀಡುತ್ತಿದ್ದರು. ದಾಟಬೇಕೆಂದರೆ ಬಗ್ಗಿ ದಾಟಬೇಕು, ತಲೆ ತಾಗಿದರೆ ಬೈಗುಳ. ಆ ಗಂಜಿಯ ಹುಳಿ ವಾಸನೆ ನಮ್ಮ ರೊಟ್ಟಿಗೂ ಹತ್ತಿತ್ತು.

ತಾಪತ್ರಯ ಶುರುವಾದದ್ದು ತಮ್ಮ ಬಸು ಅಂಬೆಗಾಲಿಡಲು ಕಲಿತಾಗ. ಅವ್ವ ಹಳೆ ಸೀರೆಯ ತುಂಡಿನಿಂದ ಅವನನ್ನು ಕಂಬಕ್ಕೆ ಕಟ್ಟಿ ಕೆಲಸ ಮಾಡುತ್ತಿದ್ದಳು. ಒಂದು ದಿನ ಗಂಟು ಸಡಿಲಾಯಿತು. ಅವ್ವ ಓಡಿ ಬರುವ ಹೊತ್ತಿಗೆ ಅವನ ತಲೆ, ಕೈ ಗುಂಡಿಯೊಳಗಿದ್ದವು. ಕಾಲು ಹಿಡಿದು ಎಳೆದುಕೊಂಡಳು. ಅಪ್ಪ ಬಂದ ಕೂಡಲೇ ಕೈಕಾಲು ತೊಳೆಯಲೂ ಬಿಡಲಿಲ್ಲ.

“ನೋಡ್ರಿ, ಈ ಗುಂಡಿ ಮುಚ್ಚಸ್ರಿ. ಇಲ್ಲಂದ್ರ ಮಕ್ಳನ್ನ ಕರ್ಕೊಂಡು ಊರಿಗೆ ಹೋಗ್ತೀನಿ.”

“ಬಾಡಿಗಿ ಮನಿ ಐತಲೇ. ಆಕಿನ್ನ ಕೇಳಬೇಕು.”

“ಕೇಳ್ರಿ ಮತ್ತ. ಬಾಯಿ ಇಲ್ಲೇನು?”

ಆಕೆ ಎಂದರೆ ಕೋಟಮ್ಮ. ಮನೆಯ ಒಡತಿ, ಗಂಡ ಸತ್ತವಳು, ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದಳು. ಒಬ್ಬನೇ ಮಗ ಶೀನು. ನೇಯ್ಗೆ ಬಿಟ್ಟು ಬೆಜವಾಡಕ್ಕೆ ಹೋಗಿ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುತ್ತಿದ್ದ. ವಿಜಯವಾಡವನ್ನು ಅಲ್ಲಿನವರು ಬೆಜವಾಡ ಎಂದೇ ಕರೆಯುವುದು. ಅವನು ತಿರುಗಿ ಬರುತ್ತಾನೆಂದು ಕೋಟಮ್ಮ ಪ್ರತಿ ಶುಕ್ರವಾರ ಬಂದು ಗುಂಡಿ ಗುಡಿಸಿ, ಅಂಚಿಗೆ ಕುಂಕುಮ ಇಟ್ಟು ಹೋಗುತ್ತಿದ್ದಳು. ಆಕೆಯದು ತೆಲುಗು. ನಾವು ಗಡಿಯ ಜನ, ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಆಕೆಯ ಮುಖ ನೋಡಿದರೆ ತಿಳಿಯುತ್ತಿತ್ತು.

“ಮುಚ್ಚೋದಾ? ವದ್ದು ಬಾಬು, ಬೇಡ! ನಾಳೆ ನಮ್ಮ ಶೀನು ಬಂದು ಮಗ್ಗ ಹೂಡಿದಾಗ ಎಲ್ಲಿ ಕೂರಬೇಕು, ನಿನ್ನ ತಲೆ ಮೇಲಾ? ಮುಚ್ಚಲೇಬೇಕು ಅಂದ್ರೆ ಮನೆ ಖಾಲಿ ಮಾಡಿ.”

ಮುಚ್ಚಿದರೆ ಮನೆ ಹೋಗುತ್ತದೆ, ಮುಚ್ಚದಿದ್ದರೆ ಮಗು ಹೋಗುತ್ತದೆ. ಮಿಲ್ಲಿಗೆ ಜನ ಬಂದು ತುಂಬಿದ್ದ ಆ ಹತ್ತಿ ಸೀಸನ್ನಿನಲ್ಲಿ ಬೇರೆ ಮನೆ ಸಿಗುವ ಹಾಗಿರಲಿಲ್ಲ.

ಶನಿವಾರ ಮಧ್ಯಾಹ್ನಕ್ಕೆ ಮಿಲ್ಲು ನಿಲ್ಲುತ್ತಿತ್ತು, ಭಾನುವಾರ ರಜೆ. ಆ ಶನಿವಾರ ಅಪ್ಪ ಮಿಲ್ಲಿನ ಒಡಕು ಹಲಗೆಗಳನ್ನು ಹೊತ್ತು ತಂದ. ಗರಗಸ ಹಿಡಿದು ಗೊತ್ತಿದ್ದವನಲ್ಲ. ಸೊಟ್ಟ ಮೊಳೆಗಳನ್ನು ನಾನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿಕೊಟ್ಟೆ, ಅವನು ಹೊಡೆದ, ಅವು ಮತ್ತೆ ಸೊಟ್ಟಗಾದವು. ಹೆಬ್ಬೆರಳು ಜಜ್ಜಿಕೊಂಡ. ಸಂಜೆಯಷ್ಟರಲ್ಲಿ ನೆಲಕ್ಕೆ ಸಮವಾಗಿ ಕೂರುವ ಒಂದು ಮುಚ್ಚಳ ಆಯಿತು. ಮೇಲೆ ಹತ್ತಿ ಕುಣಿದ.

“ಆನಿ ನಿಂತ್ರೂ ಮುರಿಯಂಗಿಲ್ಲ ನೋಡಲೇ!”

ಭಾನುವಾರ ಬೆಳಿಗ್ಗೆ ಕೋಟಮ್ಮ ನೋಡಿದಳು. ಬೀದಿಯ ಆ ಕೊನೆಗೆ ಕೇಳುವಂತೆ ಕೂಗಿದಳು.

“ನಮ್ಮ ಮಾವ ಕೂತ ಜಾಗ, ನನ್ನ ಗಂಡ ಕೂತ ಜಾಗ! ಅದರ ಮೇಲೆ ಕಾಲಿಟ್ಟು ಓಡಾಡ್ತೀರಾ?”

“ಮಣ್ಣು ಹಾಕಿ ಮುಚ್ಚಿಲ್ಲಮ್ಮ. ಎತ್ತಿದ್ರ ಬರ್ತೈತಿ.”

“ತುಳೀತೀರೋ ಇಲ್ವೋ? ಅದು ಹೇಳು.”

ತುಳಿಯದೆ ಏನು? ನಡುಮನೆಯಲ್ಲವೇ. ಅಪ್ಪ ಸುತ್ತಿಗೆ ಬಿಸಾಡಿ ಗೋಡೆಗೆ ಒರಗಿದ. ಅವ್ವ ಬಸುವಿಗೆ ಹಾಲು ಕುಡಿಸುತ್ತಿದ್ದವಳು ಕೂತಲ್ಲಿಂದಲೇ ಕೇಳಿದಳು.

“ಅಕ್ಕಾ, ತುಳಿಬಾರ್ದು, ಆತು. ಕುಂದ್ರಬಹುದಿಲ್ಲೋ?”

ಕೋಟಮ್ಮ ದನಿ ಇಳಿಸಿದಳು. “ಕೂರೋಕೇ ತಾನೇ ಆ ಜಾಗ ಇರೋದು,” ಎಂದಳು.

“ಕೇಳಿದ್ರಿಲ್ಲ?” ಅವ್ವ ಅಪ್ಪನ ಕಡೆ ತಿರುಗಿದಳು. “ಅದಕ್ಕ ನಾಕು ಕಾಲು ಹಚ್ಚಿ ಎತ್ತರ ಮಾಡ್ರಿ. ಕುಂದ್ರೋ ಹಲಗಿ ಯಾರ್ ತುಳಿತಾರ?”

ಆ ಭಾನುವಾರವೆಲ್ಲ ಅದೇ ಕೆಲಸ. ಮುಚ್ಚಳ ಗುಂಡಿಯ ಮೇಲೆ ನಿಲ್ಲುವ ಗಿಡ್ಡ ಮಂಚವಾಯಿತು. ಸುತ್ತಲೂ ಪಟ್ಟಿ ಹೊಡೆದು ಮಗು ನುಸುಳದಂತೆ ಮಾಡಿದ. ಮುಂದಿನ ಒಂದು ಹಲಗೆಯನ್ನು ಮಾತ್ರ ಎತ್ತುವಂತೆ ಇಟ್ಟ. ಅದನ್ನು ಎತ್ತಿ ಕೂತರೆ ಕಾಲು ಗುಂಡಿಯೊಳಗೆ ಇಳಿಯುತ್ತಿದ್ದವು. ಒಂದು ಕಾಲು ಗಿಡ್ಡವಾಗಿ ಮಂಚ ಕುಂಟುತ್ತಿತ್ತು. ಅಪ್ಪ ಅದರಡಿ ಹೆಂಚಿನ ಚೂರು ಕೊಟ್ಟು, “ನೆಲನ ಸೊಟ್ಟ ಐತಿ,” ಎಂದ.

ದೀಪ ಹಚ್ಚುವ ಹೊತ್ತಿಗೆ ಕೋಟಮ್ಮ ಬಂದಳು. ಯಾರನ್ನೂ ಕೇಳದೆ ಹಲಗೆ ಎತ್ತಿ, ಕಾಲು ಇಳಿಬಿಟ್ಟು ಕೂತಳು. ಅವ್ವ ಜೋಳದ ರೊಟ್ಟಿ, ಪುಂಡಿಸೊಪ್ಪಿನ ಗೋಂಗೂರ ಉಪ್ಪಿನಕಾಯಿ ಕೊಟ್ಟಳು. “ಇದೇನಮ್ಮಾಯಿ, ನಿನ್ನ ಗಂಡನ ಹಲಗೆ ತಿಂದ ಹಾಗಿದೆ,” ಎಂದು ಇನ್ನೊಂದು ಹಾಕಿಸಿಕೊಂಡಳು. ಮರುದಿನವೂ ಬಂದಳು. ಆಮೇಲೆ ಬರದ ದಿನವಿಲ್ಲ. ಅವ್ವನಿಗೆ ತೆಲುಗು ಬಂದದ್ದು ಆ ಮಂಚದ ಮೇಲೆ. ಬಸು ಎದ್ದು ನಿಲ್ಲಲು ಕಲಿತದ್ದು ಅದರ ಪಟ್ಟಿ ಹಿಡಿದು.

ಮುಂದಿನ ಮಳೆಗಾಲದ ಹೊತ್ತಿಗೆ ಶೀನು ಬಂದ. ಸೈಕಲ್ಲಿನ ಹಿಂದೆ ಒಂದು ಮೂಟೆ ಸಿಮೆಂಟು.

“ಅಮ್ಮಾ, ನಾನಿನ್ನು ಮಗ್ಗಕ್ಕೆ ಬರೋದಿಲ್ಲ. ಅಂಗಡಿಯಲ್ಲೇ ಇರ್ತೀನಿ. ಈ ಗುಂಡಿ ಮುಚ್ಚಿ ಗಾರೆ ಹಾಕಿಸಿಬಿಡೋಣ.”

ಹೇಳುತ್ತಲೇ ಮಂಚದ ಮೇಲೆ ಕೂತ. ಹಲಗೆ ತೆಗೆದೇ ಇತ್ತು, ಕಾಲು ಒಳಗಿಳಿದವು. ಇಳಿದ ಕಾಲು ಸುಮ್ಮನಿರಲಿಲ್ಲ. ಒಂದಾದ ಮೇಲೆ ಒಂದು ಬರಿಗಾಳಿಯನ್ನು ತುಳಿದವು. ನಾವೆಲ್ಲ ನೋಡಿದೆವು. ಅವನಿಗೂ ತಿಳಿದು ಕಾಲು ಮೇಲೆ ಎಳೆದುಕೊಂಡ.

ಕೋಟಮ್ಮ ಅಳುತ್ತಾಳೆಂದು ಅವ್ವ ಹತ್ತಿರ ಹೋಗಿ ನಿಂತಳು. ಅವಳು ಅಳಲಿಲ್ಲ.

“ಬರೋದಿಲ್ಲವಾ? ಸರಿ, ಬರಬೇಡ.”

“ಮತ್ತೆ ಮುಚ್ಚೋಣ್ವಾ?”

“ವದ್ದು.”

“ಇನ್ನು ಯಾರಿಗೋಸ್ಕರಮ್ಮಾ ಇದು?”

“ಯಾರಿಗೋಸ್ಕರ ಅಂದ್ರೆ? ಸಾಯಂಕಾಲ ನಾನು ಎಲ್ಲಿ ಕೂತ್ಕೋಬೇಕು? ಏಳು, ನಿನ್ನ ಸಿಮೆಂಟು ತಗೊಂಡು ಹೋಗು.”

ಅವನು ತೆಗೆದುಕೊಂಡು ಹೋಗಲಿಲ್ಲ. ಮೂಟೆ ಹಿತ್ತಲಲ್ಲಿ ಮಳೆಗೆ ಗಟ್ಟಿಯಾಯಿತು. ಅವ್ವ ಅದರ ಮೇಲೆ ಬಟ್ಟೆ ಒಗೆದಳು.

ಈಗ ನಾನು ವಿಶಾಖಪಟ್ಟಣದಲ್ಲಿ, ಎಂವಿಪಿ ಕಾಲೋನಿಯ ಮಗಳ ಫ್ಲಾಟಿನಲ್ಲಿದ್ದೇನೆ. ಭಾನುವಾರ ಬಂದರೆ ಅಳಿಯ ಅಂಗಡಿಯಿಂದ ಬಂದ ಪೆಟ್ಟಿಗೆ ಒಡೆದು, ಫೋನಿನಲ್ಲಿ ನೋಡಿಕೊಂಡು ಕಪಾಟು ಜೋಡಿಸುತ್ತಾನೆ. ಒಂದು ಗಂಟೆಯ ಕೆಲಸ. ಕುಂಟುವುದಿಲ್ಲ. ನಮ್ಮಪ್ಪ ಮಾಡಿದ್ದಕ್ಕಿಂತ ಚೆನ್ನಾಗಿಯೇ ಇರುತ್ತದೆ. ನೆಲವೆಲ್ಲ ಟೈಲ್ಸು, ಮಗು ಎಲ್ಲೂ ಬೀಳುವುದಿಲ್ಲ. ಆ ಗುಂಡಿಯ ಮನೆಗೆ ಮತ್ತೆ ಹೋಗಿರು ಎಂದರೆ ನಾನು ಹೋಗುವವಳಲ್ಲ.

ಆದರೆ ಇಲ್ಲಿ ತನಗೂ ಒಂದು ಜಾಗ ಬೇಕೆಂದು ಜಗಳಕ್ಕೆ ಬರುವವರು ಯಾರೂ ಇಲ್ಲ. ಮೊನ್ನೆ ಎದುರು ಮನೆಯಾಕೆ ಪ್ರಸಾದ ಕೊಡಲು ಬಂದಳು. ಒಳಗೆ ಬಾ, ಕೂತುಕೋ ಎಂದೆ. “ಪರವಾಲೇದಂಡಿ, ಇರಲಿ,” ಎಂದು ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತು, ಕೊಟ್ಟು ಹೋದಳು. ನಾನು ಬಾಗಿಲು ಹಾಕಿಕೊಂಡೆ.