ಸೇಬಿನ ಗಿಡಕ್ಕೆ ಬಿದ್ದ ಕತ್ತರಿ

ನಮ್ಮ ಕಡೆ ಸೇಬಿಗೆ ಸೇಬು ಎನ್ನುವವರು ಕಡಿಮೆ, ಸಫರ್‌ಚಂದ ಎನ್ನುತ್ತಾರೆ. ಅದು ದವಾಖಾನೆಗೆ ಹೋಗುವ ಹಣ್ಣು. ಯಾರಾದರೂ ಹಾಸಿಗೆ ಹಿಡಿದರೆ ಕೈಚೀಲದಲ್ಲಿ ನಾಲ್ಕು ಸಫರ್‌ಚಂದ ಹಾಕಿಕೊಂಡು ನೋಡಲು ಹೋಗಬೇಕು. ಗಟ್ಟಿಮುಟ್ಟಾಗಿರುವವರು ಅದನ್ನು ತಿಂದರೆ ನಾಲಿಗೆ ಚಪಲ ಎಂದೇ ಲೆಕ್ಕ. ಅಂಥ ಹಣ್ಣನ್ನು ಅಥಣಿ ಸೀಮೆಯ ಬಿಸಿಲಲ್ಲಿ, ನಮ್ಮ ದ್ರಾಕ್ಷಿ ತೋಟದ ಮೂಲೆಯಲ್ಲಿ ಬೆಳೆಯುತ್ತೇನೆಂದು ಅವ್ವ ಹಟ ಹಿಡಿದಾಗ ಅಪ್ಪ ನಕ್ಕ. ಮೊಬೈಲಿನಲ್ಲಿ ಏನೇನೋ ನೋಡಿ ತಲೆ ಕೆಡಿಸಿಕೊಂಡಿದ್ದಾಳೆ ಎಂದು ನಾನೂ ನಕ್ಕೆ.

ಅವ್ವನ ತವರು ಕರೋಶಿ. ಕುರಿ ಸಾಕಿಕೊಂಡು, ತುಂಡು ಹೊಲ ಮಾಡಿಕೊಂಡು ಬದುಕಿದ ಮನೆ. ಅಲ್ಲಿಗೆ ಹೋಗುವಾಗಲೆಲ್ಲ ಅವಳು ನಮ್ಮ ತೋಟದ ದ್ರಾಕ್ಷಿ ಒಯ್ಯುತ್ತಿದ್ದಳು. ಹಲ್ಲೆಲ್ಲ ಬಿದ್ದುಹೋಗಿದ್ದ ಅಜ್ಜಿ, ಅಂದರೆ ಅವ್ವನ ತಾಯಿ, ಒಂದೊಂದೇ ಹಣ್ಣನ್ನು ಒಸಡಿನಲ್ಲಿ ಒತ್ತಿ ತಿನ್ನುತ್ತಾ ಅಳಿಯನ ದ್ರಾಕ್ಷಿಯನ್ನು ಹೊಗಳುತ್ತಿದ್ದಳು. ಯಾವಾಗಲೂ ಅಳಿಯನ ದ್ರಾಕ್ಷಿ. ಆ ಬಳ್ಳಿಗಳ ಕೆಳಗೆ ವರ್ಷಗಟ್ಟಲೆ ಸೊಂಟ ಬಗ್ಗಿಸಿದ ಮಗಳ ಹೆಸರು ಒಂದು ಗೊನೆಗೂ ಅಂಟಲಿಲ್ಲ. ಅವ್ವ ಇದನ್ನು ದೂರಿನಂತೆ ಹೇಳಿದವಳಲ್ಲ, ನನ್ನ ಮುಂದೆ ನಗುತ್ತಲೇ ಹೇಳುತ್ತಿದ್ದಳು. ಆದರೆ ಕೊಲ್ಹಾಪುರ ಕಡೆಯ ನರ್ಸರಿಯಿಂದ ಸಸಿ ತರುವ ದಿನ, ಟೆಂಪೊದಲ್ಲಿ ಸಸಿಗಳನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂತವಳು ನಗಲಿಲ್ಲ.

"ಒಂದ್ ಸಲರೆ ನಮ್ಮವ್ವಗ ನನ್ನ ಗಿಡದ ಹಣ್ಣ ತಿನಸಬೇಕ ನೋಡ," ಎಂದಳು.

ಅವಳು ತಂದದ್ದು ಬಿಸಿಲು ತಡೆಯುವ ತಳಿಗಳನ್ನು. ಅನ್ನಾ ಎಂಬುದು ಉದ್ದ ಮುಖದ್ದು, ಒಂದು ಕೆನ್ನೆ ಮಾತ್ರ ಕೆಂಪು, ಹುಳಿ ಸ್ವಲ್ಪ ಹೆಚ್ಚು. ಡಾರ್ಸೆಟ್ ಗೋಲ್ಡನ್ ಹಳದಿ ಬಣ್ಣದ್ದು, ಸಿಹಿ ಇದ್ದರೂ ಬೇಗ ಮೆತ್ತಗಾಗುತ್ತದೆ. ಅನ್ನಾ ಒಂದನ್ನೇ ನೆಟ್ಟರೆ ಹೂವು ಬಿಟ್ಟರೂ ಕಾಯಿ ಸರಿಯಾಗಿ ಕಚ್ಚುವುದಿಲ್ಲ, ಪರಾಗಕ್ಕೆ ಪಕ್ಕದಲ್ಲಿ ಡಾರ್ಸೆಟ್ ಇರಲೇಬೇಕು. ಅದಕ್ಕೇ ಎರಡನ್ನೂ ಬಾವಿಯ ಬದಿಗೆ ಬೆರೆಸಿ ನೆಟ್ಟಳು. ತಂಪು ನಾಡಿನಲ್ಲಿ ಸೇಬಿನ ಗಿಡ ಚಳಿಗೆ ತಾನೇ ಎಲೆ ಉದುರಿಸಿ ಮಲಗುತ್ತದಂತೆ. ನಮ್ಮಲ್ಲಿ ಅದಕ್ಕೆ ನಿದ್ದೆ ಬರುವಂಥ ಚಳಿ ಎಲ್ಲಿಯದು? ಆದ್ದರಿಂದ ಅವ್ವ ಮಳೆಗಾಲ ಕಳೆದ ಮೇಲೆ ನೀರು ಕಡಿಮೆ ಮಾಡಿ, ಡಿಸೆಂಬರಿನಲ್ಲಿ ಸ್ಟೂಲು ಹಾಕಿಕೊಂಡು ಎಲೆಗಳನ್ನೆಲ್ಲ ಕೈಯಿಂದಲೇ ತೆಗೆಯುತ್ತಿದ್ದಳು. ಹಟಮಾರಿ ಕೂಸನ್ನು ತಟ್ಟಿ ಮಲಗಿಸುವ ಹಾಗೆ. ತೋಟಕ್ಕೆ ಬಂದವರು ಚಲೋ ಗಿಡವನ್ನು ಯಾಕೆ ಬೋಳಿಸುತ್ತಾಳೆಂದು ಕೇಳಿ ನಗುತ್ತಿದ್ದರು. ಅವಳು ಸ್ಟೂಲು ಸರಿಸಿ ಮುಂದಿನ ಕೊಂಬೆಗೆ ಕೈ ಹಾಕುತ್ತಿದ್ದಳು.

ಮೊದಲ ಬಾರಿ ಕಾಯಿ ಕಚ್ಚಿದಾಗ ಒತ್ತೊತ್ತಾಗಿದ್ದ ಎಳೆಗಾಯಿ ಕಿತ್ತು ಮಾವಿನಕಾಯಿಯ ಹಾಗೆ ಖಾರ ಹಾಕಿ ಉಪ್ಪಿನಕಾಯಿ ಮಾಡಿದಳು. ರೊಟ್ಟಿಯ ಜೊತೆ ನಾನು ತಿಂದ ಉಪ್ಪಿನಕಾಯಿಗಳಲ್ಲಿ ಅದನ್ನು ಮೀರಿಸಿದ್ದು ಇಲ್ಲ, ಅಪ್ಪ ಕೂಡ ಒಪ್ಪಿಕೊಂಡ. ಮೇ ತಿಂಗಳಲ್ಲಿ ಉಳಿದ ಹಣ್ಣು ಇಳಿಸುವಷ್ಟರಲ್ಲಿ ಗಾಳಿ ಮಳೆ ಬಂದು ಅರ್ಧ ನೆಲಕ್ಕೆ ಬಿದ್ದವು, ಗಿಡದಲ್ಲಿ ಉಳಿದವೂ ಕೊಂಬೆಗೆ ಬಡಿದು ಕಲೆಯಾದವು. ಬಿದ್ದವನ್ನು ಹೋಳು ಮಾಡಿ, ಒಣದ್ರಾಕ್ಷಿ ಶೆಡ್ಡಿನ ಜಾಲರಿಯ ಮೇಲೆ ಒಣಗಿಸಿದಳು. ಪೆಟ್ಟಾಗಿ ಕಪ್ಪಾದ ಹಣ್ಣನ್ನು ತವರಿಗೆ ಒಯ್ಯಲು ಮನಸ್ಸು ಬರಲಿಲ್ಲ. ಮುಂದಿನ ಬೆಳೆಯಲ್ಲಿ ಚೆಂದದ ಹಣ್ಣು ಆರಿಸಿ, ಬೆಲ್ಲ ಹಾಕಿ ಮೆತ್ತಗೆ ಬೇಯಿಸಿ, ಚಮಚದಲ್ಲಿ ಅಜ್ಜಿಗೆ ತಾನೇ ತಿನ್ನಿಸುತ್ತೇನೆಂದು ಅಂದುಕೊಂಡಳು. ಅವಸರವೇನಿತ್ತು? ಅಜ್ಜಿ ಗುಂಡುಕಲ್ಲಿನ ಹಾಗೆ ಇದ್ದಳು.

ಆ ಮಳೆಗಾಲದಲ್ಲಿ ನಾನು ನಿಪ್ಪಾಣಿಯಲ್ಲಿ ನನ್ನ ಗಂಡನ ಮನೆಯಲ್ಲಿ ಬಸುರಿ. ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದದ್ದರಿಂದ ನಾನು ತವರಿಗೆ ಹೋಗುವಂತಿರಲಿಲ್ಲ, ಅವ್ವನೇ ಬಂದಳು. ಹೊರಡುವಾಗ ಗಿಡಗಳಿಗೆ ನೀರು ಬಿಟ್ಟರೆ ಸಾಕು, ಉಳಿದದ್ದನ್ನು ಬಂದ ಮೇಲೆ ನಾನೇ ನೋಡಿಕೊಳ್ಳುತ್ತೇನೆ ಎಂದು ಅಪ್ಪನಿಗೆ ಹೇಳಿಯೇ ಬಂದಿದ್ದಳು. ಬಾಣಂತನ ಮುಗಿಸಿ ದೀಪಾವಳಿ ಆದಮೇಲೆ ಅವಳು ಊರಿಗೆ ಹೊರಟಾಗ ಕೂಸನ್ನು ಎತ್ತಿಕೊಂಡು ನಾನೂ ಜೊತೆಗೆ ಹೋದೆ.

ಅಪ್ಪನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ದ್ರಾಕ್ಷಿಯ ಚಾಟ್ನಿಯಲ್ಲಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸದಲ್ಲಿ, ಅವನದು ಪಳಗಿದ ಕೈ. ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಬಳ್ಳಿ ಕತ್ತರಿಸುತ್ತಾರೆ. ಅಕ್ಟೋಬರಿನ ಚಾಟ್ನಿ ಹಣ್ಣಿಗಾಗಿ. ಯಾವ ಕಣ್ಣಿನ, ಅಂದರೆ ಚಿಗುರೊಡೆಯುವ ಗಂಟಿನ, ಮೇಲೆ ಕತ್ತರಿ ಇಡಬೇಕೆಂದು ಕೇಳಲು ಜುಗೂಳದಂಥ ಊರುಗಳಿಂದಲೂ ಜನ ಬರುತ್ತಿದ್ದರು. ಕತ್ತರಿಸಿದ ಮೇಲೆ ಉಳಿದ ಕಣ್ಣುಗಳಿಗೆ ಬಟ್ಟೆಯಿಂದ ಪೇಸ್ಟ್, ಅಂದರೆ ಚಿಗುರೊಡೆಸುವ ಖಾರವಾದ ಔಷಧಿ, ಹಚ್ಚಿದರೆ ಎಲ್ಲ ಒಟ್ಟಿಗೆ ಚಿಗುರಿ ಹೂವು ತೋರಿಸುತ್ತವೆ. ಕತ್ತರಿಸಿದರೇ ಹಣ್ಣು, ಇದು ದ್ರಾಕ್ಷಿ ಜನರ ನಂಬಿಕೆ. ಅಪ್ಪನಿಗೆ ಬೇರೆ ಬೇಸಾಯವೇ ಗೊತ್ತಿರಲಿಲ್ಲ.

ನಾವು ಬಂದಿಳಿದಾಗ ಅವನ ಮುಖದಲ್ಲಿ ಖುಷಿ ಹಿಡಿಸದಷ್ಟಿತ್ತು. ಮೊಮ್ಮಗುವನ್ನು ನೋಡಿದ್ದಕ್ಕೆ ಎಂದುಕೊಂಡೆ. ಚಹಾ ಕುಡಿಯಲೂ ಬಿಡದೆ ಅವ್ವನನ್ನು ಬಾವಿಯ ಕಡೆ ಕರೆದುಕೊಂಡು ಹೋದ.

"ನಿನ್ನ ಗಿಡಕ್ಕೂ ಚಾಟ್ನಿ ಮಾಡಿಸೀನಿ. ಪೇಸ್ಟ್ ನಾನ ನಿಂತ ಹಚ್ಚಿಸೀನಿ. ಈ ಸಲ ಹಣ್ಣ ಇಳಸಾಕ ಆಳ ಹಚ್ಚಬೇಕಾಗತೈತಿ ನೋಡ," ಎಂದ.

ಗಿಡಗಳು ಮೊಂಡಾಗಿ ನಿಂತಿದ್ದವು. ಸೇಬಿನ ಕಾಯಿ ಕಚ್ಚುವುದು ಹೆಚ್ಚಾಗಿ ಹಳೆಯ ಕೊಂಬೆಗಳ ಮೇಲೆ ನಿಧಾನವಾಗಿ ಮೂಡುವ ಬೆರಳುದ್ದದ ಗಿಡ್ಡ ಕಡ್ಡಿಗಳಲ್ಲಿ. ಅವ್ವ ಅವನ್ನು ಬಟ್ಟೆಯಿಂದ ಒರೆಸಿ, ಹುಳ ಬಿದ್ದಿದೆಯೇ ಎಂದು ದಿನಾ ನೋಡುತ್ತಿದ್ದಳು. ಅವೆಲ್ಲ ಕೊಂಬೆಗಳ ಸಮೇತ ಕತ್ತರಿಸಿ ಹೋಗಿದ್ದವು. ಉಳಿದ ನಾಲ್ಕಾರು ಕಣ್ಣುಗಳು ಪೇಸ್ಟಿನ ಕಾವಿಗೆ ಸುಟ್ಟು ಕಪ್ಪಾಗಿದ್ದವು. ಅವ್ವ ಒಂದು ಮೊಂಡನ್ನು ಮುಟ್ಟಿ ನೋಡಿದಳು.

"ನನ್ನ ಒಂದ್ ಮಾತ ಕೇಳಬೇಕಿತ್ತಲ್ರಿ," ಎಂದಳು. ಅಷ್ಟೇ.

ಅವಳು ಕೂಗಾಡಿದ್ದರೆ ಅಪ್ಪನಿಗೆ ಬದುಕಲು ಸುಲಭವಾಗುತ್ತಿತ್ತು. ಮನೆಯಲ್ಲಿ ಉಪ್ಪು ಕಡಿಮೆಯಾದರೂ ಜಗಳ ಮಾಡುವ ಹೆಂಗಸು, ಇದಕ್ಕೆ ಮಾತ್ರ ಜಗಳಕ್ಕಿಳಿಯದೆ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಅಪ್ಪನ ಮೇಲೆ ನನಗೆ ಸಿಟ್ಟು ಬಂತು, ಅವನ ಪೆಚ್ಚು ಮುಖ ನೋಡಿ ಅಯ್ಯೋ ಅನ್ನಿಸಿತು, ಎರಡೂ ಒಟ್ಟಿಗೆ. ಕೆಡಿಸಬೇಕೆಂದು ಮಾಡಿದ್ದಲ್ಲ. ತನಗೆ ಗೊತ್ತಿದ್ದ ಒಂದೇ ಒಂದು ವಿದ್ಯೆಯನ್ನು ಹೆಂಡತಿಗೆ ಉಡುಗೊರೆ ಕೊಟ್ಟಿದ್ದ.

ಆಮೇಲೆ ಬುಡದ ಹತ್ತಿರದಿಂದ ಚಾಟಿಯಂಥ ಕಡ್ಡಿಗಳು ಎದ್ದವು. ಬರೀ ಎಲೆ, ಒಂದು ಹೂವಿಲ್ಲ. ಮರುವರ್ಷವೂ ಅಷ್ಟೇ. ಅದೇ ಮರುವರ್ಷದ ಬೇಸಿಗೆಯಲ್ಲಿ ಕರೋಶಿಯ ಅಜ್ಜಿ ತೀರಿಕೊಂಡಳು. ಕೊನೆಗೆ ಅವಳು ಚಿಕ್ಕೋಡಿ ದವಾಖಾನೆಯಲ್ಲಿದ್ದಾಗ ಅವ್ವ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಮೇಣ ಹಚ್ಚಿದ ಸಫರ್‌ಚಂದ ಕೊಂಡು, ಬೇಯಿಸಿ, ಚಮಚದಲ್ಲಿ ತಿನ್ನಿಸಿದಳು. ನಾನು ಪಕ್ಕದಲ್ಲೇ ಇದ್ದೆ. ಅಜ್ಜಿ ಕಣ್ಣು ಮುಚ್ಚಿಕೊಂಡೇ ನುಂಗಿ ಕೇಳಿದಳು:

"ಅಳಿಯಾ ಕಳಿಸ್ಯಾನೇನು?"

ಅವ್ವ ಹೌದು ಎಂದು ತಲೆಯಾಡಿಸಿದಳು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಈಗ ಆ ಗಿಡಗಳು ಮತ್ತೆ ಹಣ್ಣು ಬಿಡುತ್ತವೆ, ಮೊದಲಿಗಿಂತ ಹೆಚ್ಚೇ. ಡಿಸೆಂಬರಿನಲ್ಲಿ ಎಲೆ ತೆಗೆಯುವವನು ಅಪ್ಪ. ಎಲ್ಲೆಲ್ಲೋ ಕೇಳಿ ಕಲಿತುಕೊಂಡಿದ್ದಾನೆ. ಹಣ್ಣು ಇಳಿಸಿ ಅಡುಗೆಮನೆಯಲ್ಲಿ ತಂದಿಡುತ್ತಾನೆ, ಅವ್ವ ಹೆಚ್ಚಿ ಎಲ್ಲರಿಗೂ ಕೊಡುತ್ತಾಳೆ. ಬಾವಿಯ ಕಡೆ ಮಾತ್ರ ಅವಳು ಹೋಗುವುದಿಲ್ಲ. ಪ್ರತಿವರ್ಷ ಚಾಟ್ನಿಯ ಆಳುಗಳು ಬರುವ ಮುಂಚೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಫರ್‌ಚಂದದ ಗಿಡದಲ್ಲಿ ಅಡ್ಡಾದಿಡ್ಡಿ ಬೆಳೆದ ಒಂದೆರಡು ಕಡ್ಡಿ ತೆಗೆಯಬೇಕು, ತೆಗೆಯಲೇ ಎಂದು ಅವ್ವನನ್ನು ಕೇಳುತ್ತಾನೆ. ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣೆತ್ತದೆ ಅವಳು ಹೇಳುತ್ತಾಳೆ:

"ನಿಮಗ ತಿಳಿದಂಗ ಮಾಡ್ರಿ."

ಅವನು ಆ ಗಿಡಗಳನ್ನು ಮುಟ್ಟದೆ ದ್ರಾಕ್ಷಿ ತೋಟಕ್ಕೆ ಹೋಗುತ್ತಾನೆ.